ಕರ್ನಾಟಕದ ಪ್ರಾದೇಶಿಕ ಸುಸ್ಥಿರ ಕೃಷಿ ಪದ್ಧತಿಗಳು

ಕರ್ನಾಟಕದ ಪ್ರಾದೇಶಿಕ ಸುಸ್ಥಿರ ಕೃಷಿ ಪದ್ಧತಿಗಳು ಎಂದರೆ ರಾಜ್ಯದ ಬೇರೆ ಬೇರೆ ಭಾಗಗಳ ಮಣ್ಣು, ಮಳೆ, ನೆಲದ ಇಳಿಜಾರು ಹಾಗೂ ಜನಜೀವನಕ್ಕೆ ಅನುಗುಣವಾಗಿ ರೂಪುಗೊಂಡಿರುವ, ಭೂಮಿಯ ಫಲವತ್ತತೆಯನ್ನೂ ನೀರಿನ ಮೂಲವನ್ನೂ ಕುಂದಿಲ್ಲದಂತೆ ಮುಂದಿನ ತಲೆಮಾರಿಗೆ ದಾಟಿಸುವ ಬೇಸಾಯ ಕ್ರಮಗಳು. ಕರಾವಳಿಯ ಗಜನಿ ಭೂಮಿಯ ಕಗ್ಗ ಭತ್ತ, ಮಲೆನಾಡಿನ ಸೊಪ್ಪಿನ ಬೆಟ್ಟವನ್ನು ಆಶ್ರಯಿಸಿದ ಅಡಿಕೆ ತೋಟ, ಉತ್ತರದ ಎರೆಭೂಮಿಯ ಹಿಂಗಾರಿ ಜೋಳ ಮತ್ತು ದಕ್ಷಿಣದ ಕೆಂಪುಮಣ್ಣಿನ ರಾಗಿ ಹೊಲದ ಅಕ್ಕಡಿ ಸಾಲು ಇವುಗಳಲ್ಲಿ ಮುಖ್ಯವಾದವು. ಇವು ಒಂದೊಂದೂ ಆಯಾ ನೆಲದ ಒಂದು ನಿರ್ದಿಷ್ಟ ಕೊರತೆಗೆ ರೈತರು ಕಂಡುಕೊಂಡ ಪರಿಹಾರವಾಗಿವೆ. ಆದಕಾರಣ ಒಂದು ಪ್ರದೇಶದಲ್ಲಿ ಫಲ ನೀಡಿದ ಪದ್ಧತಿಯನ್ನು ಇನ್ನೊಂದು ಪ್ರದೇಶಕ್ಕೆ ಹಾಗೆಯೇ ಒಯ್ದರೆ ಅದು ಅಲ್ಲಿಯೂ ಫಲ ನೀಡುವುದೆಂದು ಹೇಳಲಾಗದು.

## ಪರಿಕಲ್ಪನೆ

ಪರಿಸರ ಮತ್ತು ಅಭಿವೃದ್ಧಿಯನ್ನು ಕುರಿತ ಜಾಗತಿಕ ಆಯೋಗವು 1987ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯ ನಂತರ 'ಸುಸ್ಥಿರ' ಎಂಬ ಪದವು ವ್ಯಾಪಕವಾಗಿ ಬಳಕೆಗೆ ಬಂದಿತು. ಬ್ರಂಟ್‌ಲ್ಯಾಂಡ್ ವರದಿ ಎಂದು ಪ್ರಸಿದ್ಧವಾದ ಅದರ ಆಶಯದಂತೆ, ಇಂದಿನವರ ಅಗತ್ಯಗಳನ್ನು ಪೂರೈಸುವಾಗ ಮುಂದಿನವರ ಅಗತ್ಯಗಳಿಗೆ ಕುತ್ತು ಬರಬಾರದು. ಕೃಷಿಗೆ ಅನ್ವಯಿಸಿದಾಗ ಇದಕ್ಕೆ ಮೂರು ಮುಖಗಳಿವೆ. ಮೊದಲನೆಯದಾಗಿ, ಮಣ್ಣು, ನೀರು, ಬೀಜ ಮತ್ತು ಜಾನುವಾರುಗಳ ಸಂಪತ್ತು ಸವೆಯಬಾರದು. ಎರಡನೆಯದಾಗಿ, ಬೇಸಾಯದಿಂದ ರೈತನ ಸಂಸಾರ ನಡೆಯಬೇಕು. ಮೂರನೆಯದಾಗಿ, ಅದಕ್ಕೆ ಬೇಕಾದ ದುಡಿಮೆ ಮತ್ತು ಊರಿನ ಸಹಕಾರ ದೊರೆಯುವಂತಿರಬೇಕು.

ಸುಸ್ಥಿರ ಕೃಷಿಯೂ ಸಾವಯವ ಕೃಷಿಯೂ ಒಂದೇ ಅಲ್ಲ. ಸಾವಯವ ಕೃಷಿಯು ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳನ್ನು ವರ್ಜಿಸುವ ಒಂದು ಕ್ರಮ. ಗೊಬ್ಬರವೆಲ್ಲ ಸಾವಯವವಾಗಿದ್ದರೂ ಅಂತರ್ಜಲವನ್ನು ಬತ್ತಿಸುವ ಬೇಸಾಯವು ಸುಸ್ಥಿರವೆನಿಸದು. ಹಾಗೆಯೇ ಹಳೆಯದೆಲ್ಲವೂ ಸುಸ್ಥಿರವೆಂದು ಭಾವಿಸುವುದೂ ಸರಿಯಲ್ಲ.

## ಭೌಗೋಳಿಕ ಹಿನ್ನೆಲೆ

ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಪಶ್ಚಿಮ ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಘಟ್ಟದ ಪೂರ್ವಕ್ಕೆ ಸಾಗಿದಂತೆ ಮಳೆ ಬೇಗನೆ ಕಡಿಮೆಯಾಗುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಕಡೆ ಅದು 500 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ. ಮಣ್ಣಿನಲ್ಲಿಯೂ ಇಂತಹುದೇ ವ್ಯತ್ಯಾಸವಿದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜಂಬಿಟ್ಟಿಗೆ ಮಣ್ಣು, ದಕ್ಷಿಣದ ಬಯಲುಸೀಮೆಯಲ್ಲಿ ಕೆಂಪುಮಣ್ಣು, ಉತ್ತರದ ಬಯಲುಸೀಮೆಯಲ್ಲಿ ಕಪ್ಪು ಎರೆಮಣ್ಣು ಪ್ರಧಾನವಾಗಿವೆ.

ಕೃಷಿ ಯೋಜನೆಯ ಅನುಕೂಲಕ್ಕಾಗಿ ರಾಜ್ಯವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಅವು ಈಶಾನ್ಯ ಪರಿವರ್ತನಾ ವಲಯ, ಈಶಾನ್ಯ ಒಣ ವಲಯ, ಉತ್ತರ ಒಣ ವಲಯ, ಮಧ್ಯ ಒಣ ವಲಯ, ಪೂರ್ವ ಒಣ ವಲಯ, ದಕ್ಷಿಣ ಒಣ ವಲಯ, ದಕ್ಷಿಣ ಪರಿವರ್ತನಾ ವಲಯ, ಉತ್ತರ ಪರಿವರ್ತನಾ ವಲಯ, ಗುಡ್ಡಗಾಡು ವಲಯ ಮತ್ತು ಕರಾವಳಿ ವಲಯ. ಹತ್ತರಲ್ಲಿ ಐದು ಒಣ ವಲಯಗಳೇ ಆಗಿರುವುದು ಗಮನಾರ್ಹ. ರಾಜ್ಯದ ಬಹುಪಾಲು ರೈತರ ಮುಂದಿರುವ ಪ್ರಶ್ನೆಯೆಂದರೆ ಬಿದ್ದ ಅಲ್ಪ ಮಳೆಯನ್ನು ಹೊಲದಲ್ಲಿಯೇ ಉಳಿಸಿಕೊಳ್ಳುವುದು ಹೇಗೆ ಎಂಬುದು. ಮಲೆನಾಡು ಮತ್ತು ಕರಾವಳಿಯ ರೈತರಿಗೆ ಅತಿಯಾದ ಮಳೆಯಿಂದ ಮಣ್ಣಿನ ಸಾರವನ್ನು ಕಾಪಾಡಿಕೊಳ್ಳುವುದೇ ದೊಡ್ಡ ಪ್ರಶ್ನೆ.

## ಕರಾವಳಿ

### ಬೆಟ್ಟು, ಮಜಲು, ಬಯಲು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಭತ್ತದ ಗದ್ದೆಗಳನ್ನು ಅವು ಇರುವ ಎತ್ತರಕ್ಕೆ ತಕ್ಕಂತೆ ಬೆಟ್ಟು, ಮಜಲು ಮತ್ತು ಬಯಲು ಎಂದು ಮೂರಾಗಿ ವಿಂಗಡಿಸುವ ಪದ್ಧತಿ ಹಿಂದಿನಿಂದಲೂ ಇದೆ. ಎತ್ತರದ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಒಂದೇ ಬೆಳೆ, ನಡುವಿನ ಮಜಲಿನಲ್ಲಿ ಎರಡು ಬೆಳೆ, ತಗ್ಗಿನ ಬಯಲಿನಲ್ಲಿ ಮೂರು ಬೆಳೆ ತೆಗೆಯುವುದು ವಾಡಿಕೆ. ಈ ಮೂರು ಬೆಳೆಗಳನ್ನು ಕ್ರಮವಾಗಿ ಏಣೆಲು, ಸುಗ್ಗಿ ಮತ್ತು ಕೊಳಕೆ ಎಂದು ಕರೆಯುತ್ತಾರೆ. ಹೀಗೆ ಒಂದೇ ಊರಿನೊಳಗೂ ನೆಲದ ಸ್ವಭಾವಕ್ಕೆ ತಕ್ಕಂತೆ ಬೆಳೆ ನಿರ್ಧಾರವಾಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಹಳ್ಳ ತೊರೆಗಳಿಗೆ ಅಡ್ಡಲಾಗಿ ಕಲ್ಲು, ಮಣ್ಣು ಮತ್ತು ಅಡಿಕೆ ಮರದ ಕಾಂಡಗಳಿಂದ ತಾತ್ಕಾಲಿಕ 'ಕಟ್ಟ'ಗಳನ್ನು ಕಟ್ಟುವುದು ಈ ಭಾಗದ ಇನ್ನೊಂದು ಪದ್ಧತಿ. ನಿಂತ ನೀರು ಕಾಲುವೆಯಲ್ಲಿ ಹರಿದು ತೋಟ ಗದ್ದೆಗಳನ್ನು ತಣಿಸುವುದಲ್ಲದೆ ಸುತ್ತಲಿನ ಬಾವಿಗಳ ಒರತೆಯನ್ನೂ ಹೆಚ್ಚಿಸುತ್ತದೆ. ಮುಂದಿನ ಮಳೆಗಾಲದ ಪ್ರವಾಹದಲ್ಲಿ ಕಟ್ಟ ಕೊಚ್ಚಿಹೋಗುತ್ತದೆ. ಪ್ರತಿವರ್ಷವೂ ಊರಿನವರು ಒಟ್ಟಾಗಿ ಅದನ್ನು ಮತ್ತೆ ಕಟ್ಟಬೇಕು. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ 'ಸುರಂಗ'ಗಳಿಂದ ನೀರು ಪಡೆಯುವ ಕ್ರಮವು ದಕ್ಷಿಣ ಕನ್ನಡದ ಕೆಲವೆಡೆ ಹಾಗೂ ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಇಂದಿಗೂ ಉಳಿದಿದೆ. ಸುರಂಗದ ನೀರು ತಾನಾಗಿಯೇ ಹರಿದುಬರುವುದರಿಂದ ಅದನ್ನು ಎತ್ತಲು ವಿದ್ಯುತ್ತಾಗಲಿ ಇಂಧನವಾಗಲಿ ಬೇಕಿಲ್ಲ.

### ಗಜನಿ ಭೂಮಿ ಮತ್ತು ಕಗ್ಗ ಭತ್ತ

ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ನದಿಯು ಸಮುದ್ರ ಸೇರುವಲ್ಲಿ, ಕುಮಟಾ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿ, ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಭೂಮಿಯಿದೆ. ಇದನ್ನು ಗಜನಿ ಎನ್ನುತ್ತಾರೆ. ಇಲ್ಲಿ ಸಾಮಾನ್ಯ ಭತ್ತ ಬದುಕುವುದಿಲ್ಲ. ಉಪ್ಪಿನಂಶವನ್ನೂ ಕೆಲವು ದಿನಗಳ ಮುಳುಗಡೆಯನ್ನೂ ಸಹಿಸಬಲ್ಲ ಕಗ್ಗ ಎಂಬ ಎತ್ತರದ ಸ್ಥಳೀಯ ತಳಿಯನ್ನು ಇಲ್ಲಿ ಬೆಳೆಯುತ್ತಾರೆ. ಮುಂಗಾರಿನ ಆರಂಭದ ಮಳೆಯು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ನದಿಯು ಹೊತ್ತು ತರುವ ಮೆಕ್ಕಲು ಮಣ್ಣೇ ಗೊಬ್ಬರವಾಗುವುದರಿಂದ ಬೇರೆ ಗೊಬ್ಬರ ಹಾಕುವುದಿಲ್ಲ.

ಕೊಯ್ಲಿನಲ್ಲಿ ತೆನೆಯ ಭಾಗವನ್ನು ಮಾತ್ರ ಕೊಯ್ದು ಉಳಿದ ಹುಲ್ಲನ್ನು ಗದ್ದೆಯಲ್ಲಿಯೇ ಬಿಡುತ್ತಾರೆ. ಆಮೇಲೆ ಜಂತ್ರಡಿ ಎಂಬ ತೂಬಿನ ಬಾಗಿಲುಗಳ ಮೂಲಕ ಉಬ್ಬರದ ನೀರನ್ನು ಒಳಗೆ ಬಿಟ್ಟಾಗ ಅದರೊಡನೆ ಸೀಗಡಿ ಮತ್ತು ಮೀನಿನ ಮರಿಗಳು ಬಂದು, ಕೊಳೆಯುತ್ತಿರುವ ಹುಲ್ಲಿನ ಆಶ್ರಯದಲ್ಲಿ ಬೆಳೆಯುತ್ತವೆ. ಹೀಗೆ ಒಂದೇ ನೆಲದಲ್ಲಿ ಮಳೆಗಾಲದಲ್ಲಿ ಅನ್ನವೂ ಬೇಸಿಗೆಯಲ್ಲಿ ಮೀನೂ ದೊರೆಯುತ್ತವೆ. ಕೇರಳದ ಪೊಕ್ಕಾಳಿ ಮತ್ತು ಕೈಪಾಡ್ ಬೇಸಾಯಗಳು ಇದೇ ಬಗೆಯವು.

ಈ ವ್ಯವಸ್ಥೆಯ ಜೀವಾಳವು ಗಜನಿಯ ಕಟ್ಟೆ ಮತ್ತು ಜಂತ್ರಡಿ. ಒಬ್ಬನ ಗದ್ದೆಯ ಬದಿಯಲ್ಲಿ ಕಟ್ಟೆ ಒಡೆದರೆ ಇಡೀ ಗಜನಿಗೆ ಉಪ್ಪುನೀರು ನುಗ್ಗುತ್ತದೆ. ಆದ್ದರಿಂದ ಇಲ್ಲಿ ಯಾರೊಬ್ಬರೂ ಒಂಟಿಯಾಗಿ ಬೇಸಾಯ ಮಾಡಲಾರರು. ಸೀಗಡಿಗೆ ಒಳ್ಳೆಯ ಬೆಲೆ ಬಂದು ಗಜನಿಗಳನ್ನು ಮೀನುಗಾರಿಕೆಗೆ ಗುತ್ತಿಗೆ ನೀಡತೊಡಗಿದಾಗ, ಭತ್ತಕ್ಕೆ ಸಿಹಿನೀರು ಬೇಕಾದ ಕಾಲದಲ್ಲಿಯೂ ಉಪ್ಪುನೀರು ಒಳಗೆ ಉಳಿಯುವಂತಾಯಿತು. ಕಗ್ಗ ಬೆಳೆಯುವ ಪ್ರದೇಶ ಕುಗ್ಗಲು ಇದು ಒಂದು ಕಾರಣ. ಮಾಣಿಕಟ್ಟಾ ಮುಂತಾದ ಕೆಲವು ಊರುಗಳ ರೈತರು ತಳಿಯನ್ನು ಉಳಿಸಿಕೊಂಡು ಬಂದಿದ್ದಾರೆ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಿರುವುದು ಪ್ರಕಟವಾಯಿತು.

## ಮಲೆನಾಡು

### ಸೊಪ್ಪಿನ ಬೆಟ್ಟ ಮತ್ತು ಅಡಿಕೆ ತೋಟ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರ, ತೀರ್ಥಹಳ್ಳಿ ಮುಂತಾದ ತಾಲ್ಲೂಕುಗಳ ಅಡಿಕೆ ತೋಟಗಳು ಸಾಮಾನ್ಯವಾಗಿ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಇರುತ್ತವೆ. ಜೋರಾದ ಮಳೆಯು ಮಣ್ಣಿನ ಪೋಷಕಾಂಶಗಳನ್ನು ಪ್ರತಿವರ್ಷ ತೊಳೆದುಕೊಂಡು ಹೋಗುತ್ತದೆ. ಈ ನಷ್ಟವನ್ನು ತುಂಬಿಕೊಡುವುದು ತೋಟದ ಮೇಲಿನ ಸೊಪ್ಪಿನ ಬೆಟ್ಟ. ಬೇಸಿಗೆಯಲ್ಲಿ ಉದುರಿದ ಒಣ ಎಲೆಯನ್ನೂ ಮಳೆಗಾಲದಲ್ಲಿ ಹಸಿರು ಸೊಪ್ಪನ್ನೂ ಬೆಟ್ಟದಿಂದ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಸಗಣಿ ಗಂಜಲಗಳೊಡನೆ ಬೆರೆತ ಈ ಹಾಸು ಗೊಬ್ಬರಗುಂಡಿ ಸೇರಿ, ಕೊಳೆತು, ಕೊನೆಗೆ ಅಡಿಕೆ ಮರದ ಬುಡಕ್ಕೆ ತಲುಪುತ್ತದೆ. ತೋಟದ ನೆಲವನ್ನು ಸೊಪ್ಪಿನಿಂದ ಮುಚ್ಚುವುದರಿಂದ ಮಳೆಹನಿಯ ಹೊಡೆತ ತಗ್ಗುತ್ತದೆ, ಬೇಸಿಗೆಯಲ್ಲಿ ತೇವ ಉಳಿಯುತ್ತದೆ.

ಬೆಟ್ಟದ ಒಡೆತನ ಸರ್ಕಾರದ್ದು. ತೋಟಿಗನಿಗೆ ಇರುವುದು ಸೊಪ್ಪು, ದರಕು ಮುಂತಾದವನ್ನು ಪಡೆಯುವ ಸೌಲಭ್ಯ ಮಾತ್ರ. ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಗೊತ್ತುಪಡಿಸಲಾಗಿತ್ತು. ಒಂದು ಎಕರೆ ತೋಟದ ಫಲವತ್ತತೆ ಎಷ್ಟು ವಿಸ್ತಾರವಾದ ಕಾಡನ್ನು ಅವಲಂಬಿಸಿದೆ ಎಂಬುದು ಈ ಪ್ರಮಾಣದಿಂದಲೇ ತಿಳಿಯುತ್ತದೆ. ದಕ್ಷಿಣ ಕನ್ನಡದ ಕುಮ್ಕಿ ಮತ್ತು ಕೊಡಗಿನ ಬಾಣೆ ಭೂಮಿಗಳೂ ಕೃಷಿಗೆ ಆಸರೆಯಾಗಿ ಬಿಟ್ಟ ಇಂತಹ ಜಮೀನುಗಳೇ.

ಸೊಪ್ಪನ್ನು ಮಿತಿಮೀರಿ ಸವರಿದ ಕಡೆ ಬೆಟ್ಟವು ಬೋಳಾಗಿ, ಕಣಿವೆಯ ನೀರಿನ ಒರತೆಯೂ ಬತ್ತಿದ ಉದಾಹರಣೆಗಳಿವೆ. ಸರದಿಯಂತೆ ಸವರಿ ಗಿಡ ಚಿಗುರಲು ಕಾಲಾವಕಾಶ ಕೊಟ್ಟ ಬೆಟ್ಟಗಳು ಇಂದಿಗೂ ಹಸಿರಾಗಿವೆ. ಪದ್ಧತಿ ಒಂದೇ ಆದರೂ ಅದನ್ನು ನಡೆಸಿದ ರೀತಿಯಿಂದ ಫಲ ಭಿನ್ನವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

### ಬಹುಮಹಡಿ ಬೆಳೆ

ಅಡಿಕೆ ತೋಟದಲ್ಲಿ ಅಡಿಕೆಯ ಜೊತೆಗೆ ಕಾಳುಮೆಣಸು, ವೀಳ್ಯದೆಲೆ, ಬಾಳೆ ಮತ್ತು ಏಲಕ್ಕಿಗಳನ್ನು ಬೆಳೆಯುವುದು ರೂಢಿ. ಬೇರೆ ಬೇರೆ ಎತ್ತರದ ಈ ಸಸ್ಯಗಳು ಬಿಸಿಲನ್ನು ಹಂಚಿಕೊಳ್ಳುತ್ತವೆ. ಒಂದರ ಬೆಲೆ ಕುಸಿದ ವರ್ಷ ಇನ್ನೊಂದು ಕೈಹಿಡಿಯುತ್ತದೆ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ ಕಾಡುಮರಗಳ ನೆರಳಿನಲ್ಲಿ ಕಾಫಿ ಬೆಳೆಯುವುದೂ ಇದೇ ತತ್ತ್ವದ ಮೇಲೆ ನಿಂತಿದೆ. ಅಲ್ಲಿ ಸ್ಥಳೀಯ ಮರಗಳ ಬದಲು ಬೇಗ ಬೆಳೆಯುವ ಸಿಲ್ವರ್ ಓಕ್ ಮರಗಳೇ ಹೆಚ್ಚಾದಂತೆ ನೆರಳಿನ ವೈವಿಧ್ಯ ಕಡಿಮೆಯಾಗುತ್ತಿದೆ.

### ಕೊಳೆರೋಗ ಮತ್ತು ವಿಜ್ಞಾನದ ನೆರವು

ಮಳೆಗಾಲದಲ್ಲಿ ಅಡಿಕೆ ಕಾಯಿಗಳನ್ನು ಉದುರಿಸುವ ಕೊಳೆರೋಗವು ಮಲೆನಾಡಿನ ಹಳೆಯ ಶತ್ರು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದು ಹಿಂದಿನ ಉಪಾಯವಾಗಿತ್ತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗದ ಬಗ್ಗೆ ಅಧ್ಯಯನ ನಡೆಸಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣದ ಸಿಂಪಡಣೆ ಆ ಬಳಿಕ ರೂಢಿಗೆ ಬಂದು ಇಂದಿಗೂ ಮುಂದುವರಿದಿದೆ. ಸ್ಥಳೀಯ ಪದ್ಧತಿಗಳು ಹೊರಗಿನ ಜ್ಞಾನವನ್ನು ಅರಗಿಸಿಕೊಂಡೇ ಬೆಳೆದಿವೆ ಎಂಬುದನ್ನು ಇದು ತೋರಿಸುತ್ತದೆ.

## ಉತ್ತರದ ಎರೆಭೂಮಿ

ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು ಮತ್ತು ಕಲಬುರಗಿ ಜಿಲ್ಲೆಗಳ ಎರೆಮಣ್ಣಿಗೆ ಒಂದು ವಿಶಿಷ್ಟ ಗುಣವಿದೆ. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಮಳೆಗಾಲದಲ್ಲಿ ಕಾಲಿಟ್ಟರೆ ಹೂಳುವ ಈ ನೆಲವು ಒಮ್ಮೆ ತಣಿದರೆ ತಿಂಗಳುಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಈ ಭಾಗದಲ್ಲಿ ಸೆಪ್ಟೆಂಬರಿನ ಆಸುಪಾಸಿನ ಮಳೆಯೇ ಹೆಚ್ಚು ನಂಬಿಗಸ್ತ. ಆದ್ದರಿಂದ ರೈತರು ಆಳವಾದ ಎರೆಹೊಲಗಳನ್ನು ಮುಂಗಾರಿನಲ್ಲಿ ಬಿತ್ತದೆ ಬಿಟ್ಟು, ಉತ್ತರಾ ಮತ್ತು ಹಸ್ತಾ ಮಳೆಗಳ ಹೊತ್ತಿಗೆ ಜೋಳ, ಕಡಲೆ, ಕುಸುಬೆ, ಗೋಧಿ, ಅಗಸೆಗಳನ್ನು ಬಿತ್ತುತ್ತಾರೆ. ಬಿತ್ತನೆಯ ನಂತರ ಮಳೆ ಬಾರದಿದ್ದರೂ ಮಣ್ಣಿನಲ್ಲಿ ಸಂಗ್ರಹವಾದ ತೇವ ಹಾಗೂ ಚಳಿಗಾಲದ ತಂಪಿನಿಂದಲೇ ಬೆಳೆ ಕೈಗೆ ಬರುತ್ತದೆ. ಎಳ್ಳಮಾವಾಸ್ಯೆಯಂದು ಪೈರು ನಿಂತ ಹೊಲಕ್ಕೆ ಹೋಗಿ ಚರಗ ಚೆಲ್ಲುವ ಆಚರಣೆ ಈ ಹಿಂಗಾರಿ ಬೇಸಾಯದ ಪಂಚಾಂಗಕ್ಕೆ ಹೊಂದಿಕೊಂಡು ಬಂದುದಾಗಿದೆ.

ತೇವವನ್ನು ಉಳಿಸಲು ಇಲ್ಲಿ ಅನುಸರಿಸುವ ಮುಖ್ಯ ಕ್ರಮಗಳು ಇವು:

- ಹರಗುವುದು: ಬಿತ್ತನೆಗೆ ಮುನ್ನ ಕುಂಟೆಯಿಂದ ಹೊಲವನ್ನು ಹಲವು ಬಾರಿ ಹರಗಿ ಕಳೆ ತೆಗೆಯುತ್ತಾರೆ. ಇದರಿಂದ ಮಳೆನೀರು ಸುಲಭವಾಗಿ ಇಂಗುತ್ತದೆ.
- ಎಡೆ ಹೊಡೆಯುವುದು: ಪೈರಿನ ಸಾಲುಗಳ ನಡುವೆ ಎಡೆಕುಂಟೆ ಆಡಿಸಿದಾಗ ಬಿರುಕುಗಳು ಮುಚ್ಚಿ, ಸಡಿಲ ಮಣ್ಣಿನ ತೆಳುವಾದ ಹೊದಿಕೆ ಏರ್ಪಟ್ಟು, ತೇವ ಆವಿಯಾಗುವುದು ಕಡಿಮೆಯಾಗುತ್ತದೆ.
- ಚೌಕುಮಡಿ: ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲದಲ್ಲಿ ಸಣ್ಣ ಬದುಗಳಿಂದ ಚೌಕಾಕಾರದ ಮಡಿಗಳನ್ನು ಮಾಡಿ, ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸುತ್ತಾರೆ.
- ಉಸುಕಿನ ಹೊದಿಕೆ: ಕೊಪ್ಪಳ ಮತ್ತು ಗದಗ ಜಿಲ್ಲೆಗಳ ಕೆಲವೆಡೆ ಹಳ್ಳದ ಉಸುಕನ್ನು ತಂದು ಎರೆಹೊಲದ ಮೇಲೆ ಹರಡುತ್ತಾರೆ. ಇದರಿಂದ ಮಣ್ಣು ಬಿರಿಯುವುದು ಕಡಿಮೆಯಾಗುತ್ತದೆ.
- ಕುಸುಬೆಯ ಅಂಚು: ಮುಳ್ಳಿರುವ ಕುಸುಬೆಯನ್ನು ಹೊಲದ ಸುತ್ತ ಬಿತ್ತಿ ದನಕರುಗಳಿಂದ ಒಳಗಿನ ಬೆಳೆಯನ್ನು ಕಾಯುತ್ತಾರೆ. ಅದರ ಬೀಜದಿಂದ ಅಡುಗೆಯ ಎಣ್ಣೆ ದೊರೆಯುತ್ತದೆ.

ಜೋಳವು ಕಾಳಿನಷ್ಟೇ ಕಣಿಕೆಗಾಗಿಯೂ ಮುಖ್ಯ. ಬೇಸಿಗೆಯಲ್ಲಿ ಎತ್ತುಗಳು ಬದುಕುವುದು ಈ ಮೇವಿನ ಮೇಲೆ. ಎತ್ತುಗಳಿಲ್ಲದೆ ಹರಗುವುದಾಗಲಿ ಎಡೆ ಹೊಡೆಯುವುದಾಗಲಿ ಸಕಾಲದಲ್ಲಿ ಸಾಗುತ್ತಿರಲಿಲ್ಲ. ಜೋಳದ ಬದಲು ಮೇವು ನೀಡದ ಬೆಳೆ ಬಂದ ಕಡೆ ಎತ್ತು ಸಾಕುವುದು ದುಬಾರಿಯಾಗಿ, ಗೊಬ್ಬರಕ್ಕೂ ಕೊರತೆಯುಂಟಾಗುತ್ತದೆ.

ಒಡ್ಡುಗಳ ಇತಿಹಾಸವೂ ಇಲ್ಲಿ ಉಲ್ಲೇಖಾರ್ಹ. ಮುಂಬಯಿ ಪ್ರಾಂತ್ಯದಲ್ಲಿ 1942ರ ಭೂಸುಧಾರಣಾ ಯೋಜನೆಗಳ ಕಾಯಿದೆಯ ಮೂಲಕ ಸಮಪಾತಳಿ ಒಡ್ಡುಗಳ ನಿರ್ಮಾಣಕ್ಕೆ ಚಾಲನೆ ದೊರೆಯಿತು. ನೀರು ಬೇಗ ಇಂಗುವ ಹಗುರ ಮಣ್ಣಿನಲ್ಲಿ ಈ ಒಡ್ಡುಗಳು ಉಪಯುಕ್ತವಾದವು. ಆದರೆ ಆಳವಾದ ಎರೆಮಣ್ಣಿನಲ್ಲಿ ಒಡ್ಡಿನ ಹಿಂದೆ ನೀರು ಇಂಗದೆ ನಿಂತು ಬೆಳೆಗೆ ಕೇಡಾಯಿತು. ಬೇಸಿಗೆಯಲ್ಲಿ ಒಡ್ಡೇ ಬಿರಿದು, ಮಳೆ ಬಂದಾಗ ಒಡೆಯುತ್ತಿತ್ತು. ಆದ್ದರಿಂದ ಅಂತಹ ನೆಲಕ್ಕೆ ಹೆಚ್ಚುವರಿ ನೀರು ನಿಧಾನವಾಗಿ ಹೊರಹೋಗುವಂತೆ ಸ್ವಲ್ಪ ಇಳಿಜಾರು ಕೊಟ್ಟ ಒಡ್ಡುಗಳೂ ಚೌಕುಮಡಿಯಂತಹ ಕ್ರಮಗಳೂ ಸೂಕ್ತವೆಂದು ಸಂಶೋಧಕರು ಶಿಫಾರಸು ಮಾಡಿದರು.

## ದಕ್ಷಿಣದ ಕೆಂಪುಮಣ್ಣು

### ಅಕ್ಕಡಿ ಸಾಲು

ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ತುಮಕೂರು, ಬೆಂಗಳೂರು ದಕ್ಷಿಣ, ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಕೆಂಪುಮಣ್ಣು ಎರೆಮಣ್ಣಿನಂತೆ ತೇವವನ್ನು ಬಹುಕಾಲ ಹಿಡಿದಿಡಲಾರದು. ಇಲ್ಲಿ ಮಳೆ ಬೀಳುತ್ತಿರುವ ಕಾಲದಲ್ಲಿಯೇ ಬೆಳೆ ಬೆಳೆಯಬೇಕು. ಮಳೆಯ ನಡುವೆ ಎರಡು ಮೂರು ವಾರಗಳ ಬಿಡುವು ಬರುವುದು ಸಾಮಾನ್ಯ. ಈ ಅನಿಶ್ಚಿತತೆಗೆ ರೈತರು ಕಂಡುಕೊಂಡ ಮಾರ್ಗ ಅಕ್ಕಡಿ. ರಾಗಿಯ ಕೆಲವು ಸಾಲುಗಳಿಗೊಂದರಂತೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ, ಜೋಳ, ಹರಳು ಮುಂತಾದವುಗಳ ಸಾಲು ಹಾಕುವುದೇ ಈ ಪದ್ಧತಿ. ಕೂರಿಗೆಯಲ್ಲಿ ರಾಗಿ ಬಿತ್ತುತ್ತಿರುವಾಗ ಅದರ ಹಿಂದೆ ಹಗ್ಗದಿಂದ ಕಟ್ಟಿದ ಒಂಟಿ ಬಿದಿರಿನ ಕೊಳವೆಯ ಮೂಲಕ ಅಕ್ಕಡಿ ಬೀಜವನ್ನು ಬಿಡುವ ಕೆಲಸವನ್ನು ಸಾಮಾನ್ಯವಾಗಿ ಹೆಂಗಸರು ಮಾಡುತ್ತಿದ್ದರು. ಟಿಪ್ಪು ಸುಲ್ತಾನನ ಪತನಾನಂತರ 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಕಥನದಲ್ಲಿ ರಾಗಿಯ ನಡುವೆ ಅವರೆ, ತೊಗರಿಗಳ ಸಾಲು ಬಿತ್ತುವ ಕ್ರಮವನ್ನು ದಾಖಲಿಸಿದ್ದಾನೆ.

ಅಕ್ಕಡಿಯಿಂದ ಆಗುವ ಪ್ರಯೋಜನಗಳು ಹಲವು. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗಿಸುತ್ತವೆ. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ, ರಾಗಿಯ ಬೇರು ಮೇಲ್ಪದರದಲ್ಲಿ ಹರಡುತ್ತದೆ. ಹೀಗಾಗಿ ನೀರಿಗಾಗಿ ಅವುಗಳ ನಡುವಿನ ಪೈಪೋಟಿ ಕಡಿಮೆ. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿಗಳು ಹೊಲದಲ್ಲಿ ನಿಂತು ಮಂಜಿನ ಕಾಲದಲ್ಲಿ ಕಾಯಿ ಬಿಡುತ್ತವೆ. ಮಳೆ ಕೈಕೊಟ್ಟು ಒಂದು ಬೆಳೆ ಹೋದರೂ ಇನ್ನೊಂದು ಉಳಿಯುವ ಸಂಭವವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಮುದ್ದೆಗೆ ಬೇಕಾದ ರಾಗಿ, ಸಾರಿಗೆ ಬೇಕಾದ ಬೇಳೆಕಾಳು, ಒಗ್ಗರಣೆಯ ಸಾಸಿವೆ, ಎಣ್ಣೆಯ ಹುಚ್ಚೆಳ್ಳು, ದನಕ್ಕೆ ಹುಲ್ಲು ಇವೆಲ್ಲವೂ ಒಂದೇ ಹೊಲದಿಂದ ಬರುತ್ತಿದ್ದವು.

ಇದಕ್ಕಿಂತ ಕಡಿಮೆ ಮಳೆಯ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಒಣ ಭಾಗಗಳಲ್ಲಿ ನವಣೆ, ಸಾಮೆ, ಕೊರಲೆ ಮುಂತಾದ ಸಿರಿಧಾನ್ಯಗಳು ಪ್ರಧಾನವಾಗಿದ್ದವು. ಹಾವೇರಿ ಜಿಲ್ಲೆಯ ಕೆಲವೆಡೆ ಗುಳಿ ರಾಗಿ ಪದ್ಧತಿಯಿದೆ. ಹೊಲದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಅವು ಕೂಡುವಲ್ಲಿ ಗೊಬ್ಬರ ಹಾಕಿ ಎಳೆಯ ರಾಗಿ ಸಸಿಗಳನ್ನು ಅಂತರ ಬಿಟ್ಟು ನೆಡುತ್ತಾರೆ. ಇದರಿಂದ ಬೀಜ ಕಡಿಮೆ ಸಾಕು, ತೆಂಡೆಗಳು ಹೆಚ್ಚು ಒಡೆಯುತ್ತವೆ.

### ಕೆರೆ, ಗೋಡು ಮತ್ತು ಕುರಿಮಂದೆ

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಲೆಕ್ಕ ಹಾಕಲಾಗಿದೆ. ದಕ್ಷಿಣದ ಬಯಲುಸೀಮೆಯಲ್ಲಿ ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಇಳಿಯುವ ಸರಣಿ ಕೆರೆಗಳು ಸಾಮಾನ್ಯ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಎಂಬ ಊರ ನೌಕರನಿರುತ್ತಿದ್ದನು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಅದರ ಗೋಡನ್ನು ಗಾಡಿಗಳಲ್ಲಿ ಹೊಲಗಳಿಗೆ ಸಾಗಿಸುತ್ತಿದ್ದರು. ಇದರಿಂದ ಕೆರೆಯ ಹೂಳು ತೆಗೆದಂತೆಯೂ ಆಗುತ್ತಿತ್ತು, ಹಗುರವಾದ ಕೆಂಪುಮಣ್ಣಿಗೆ ತೇವ ಹಿಡಿಯುವ ಶಕ್ತಿಯೂ ಬರುತ್ತಿತ್ತು.

ಕೊಯ್ಲಾದ ಹೊಲದಲ್ಲಿ ಕುರಿಮಂದೆಯನ್ನು ರಾತ್ರಿ ತಂಗಿಸಿ ಗೊಬ್ಬರ ಪಡೆಯುವುದು ಉತ್ತರ, ದಕ್ಷಿಣ ಎರಡೂ ಕಡೆ ಇರುವ ಪದ್ಧತಿ. ಪ್ರತಿಯಾಗಿ ಕುರಿಗಾಹಿಗಳಿಗೆ ಧಾನ್ಯವನ್ನೋ ಹಣವನ್ನೋ ಕೊಡುತ್ತಾರೆ. ಮೇವಿಲ್ಲದ ಕಾಲದಲ್ಲಿ ಕುರಿಗಾಹಿಗೆ ಹೊಲದ ಕೂಳೆಯ ಆಸರೆ, ಸ್ವಂತ ದನಗಳು ಸಾಲದ ರೈತನಿಗೆ ಗೊಬ್ಬರ ದೊರೆಯುವುದರಿಂದ ಇಬ್ಬರಿಗೂ ಇದು ಲಾಭದಾಯಕ.

## ಪದ್ಧತಿಗಳ ಹೋಲಿಕೆ

| ಪ್ರದೇಶ | ಮುಖ್ಯ ಸಮಸ್ಯೆ | ಪದ್ಧತಿ | ಪದ್ಧತಿಗೆ ಆಧಾರ |
|---|---|---|---|
| ಕರಾವಳಿಯ ಗಜನಿ | ಉಪ್ಪುನೀರು, ಮುಳುಗಡೆ | ಕಗ್ಗ ಭತ್ತ ಮತ್ತು ಮೀನು | ಕಟ್ಟೆ, ಜಂತ್ರಡಿ, ಊರಿನ ಒಗ್ಗಟ್ಟು |
| ಮಲೆನಾಡು | ಮಳೆಯಿಂದ ಮಣ್ಣಿನ ಸಾರ ನಷ್ಟ | ಸೊಪ್ಪು, ಕೊಟ್ಟಿಗೆ ಗೊಬ್ಬರ, ಬಹುಮಹಡಿ ಬೆಳೆ | ಬೆಟ್ಟ, ದನಕರು |
| ಉತ್ತರದ ಎರೆಭೂಮಿ | ಅಲ್ಪ ಮಳೆ, ಬಿರಿಯುವ ಮಣ್ಣು | ಹಿಂಗಾರಿ ಬೆಳೆ, ಚೌಕುಮಡಿ, ಎಡೆ ಹೊಡೆಯುವುದು | ಎತ್ತು, ಜೋಳದ ಕಣಿಕೆ |
| ದಕ್ಷಿಣದ ಕೆಂಪುಮಣ್ಣು | ಅನಿಶ್ಚಿತ ಮಳೆ, ತೇವ ನಿಲ್ಲದ ಮಣ್ಣು | ರಾಗಿ–ಅಕ್ಕಡಿ, ಕೆರೆಗೋಡು | ಬೀಜ ವೈವಿಧ್ಯ, ಕೆರೆ, ಕುರಿಮಂದೆ |

## ಪ್ರದೇಶಕ್ಕೆ ಹೊಂದದ ಬೇಸಾಯದ ಪರಿಣಾಮಗಳು

ತುಂಗಭದ್ರಾ ಯೋಜನೆಯ ಕಾಲುವೆಗಳಲ್ಲಿ 1950ರ ದಶಕದಲ್ಲಿ ನೀರು ಹರಿಯತೊಡಗಿತು. ಬರಪೀಡಿತ ಪ್ರದೇಶದ ಜೋಳ, ಹತ್ತಿ, ಶೇಂಗಾಗಳಂತಹ ಕಡಿಮೆ ನೀರಿನ ಬೆಳೆಗಳಿಗೆ ರಕ್ಷಣೆ ನೀಡುವುದು ಎಡದಂಡೆ ಕಾಲುವೆಯ ಮೂಲ ಉದ್ದೇಶವಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಬೆಳೆ ವಿಸ್ತರಿಸಿತು. ನೀರು ಬಸಿದುಹೋಗದ ಎರೆಮಣ್ಣಿನಲ್ಲಿ ಜೌಗು ಉಂಟಾಗಿ ಸವಳು ಮೇಲೆ ಬಂದಿತು. ಕೊನೆಯ ಭಾಗದ ರೈತರಿಗೆ ನೀರು ಸಾಲದಾಯಿತು. ತೇವವನ್ನು ಉಳಿಸುವ ಗುಣದಿಂದ ಒಣ ಬೇಸಾಯದಲ್ಲಿ ವರವಾಗಿದ್ದ ಮಣ್ಣು ಅತಿಯಾದ ನೀರಾವರಿಯಲ್ಲಿ ಅದೇ ಗುಣದಿಂದ ಶಾಪವಾಯಿತು.

ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆ ಕೆರೆಗಳ ನಿರ್ವಹಣೆ ಕುಸಿದಂತೆ ಕೊಳವೆಬಾವಿಗಳು ಹೆಚ್ಚಿದವು. ಮಳೆಯಿಂದ ತುಂಬುವುದಕ್ಕಿಂತ ಹೆಚ್ಚಿನ ಅಂತರ್ಜಲವನ್ನು ಎತ್ತಿದುದರ ಫಲವಾಗಿ ತೆರೆದ ಬಾವಿಗಳು ಬತ್ತಿದವು. ಕೊಳವೆಬಾವಿಯನ್ನು ಮತ್ತೆ ಮತ್ತೆ ಆಳಕ್ಕೆ ಕೊರೆಸುವ ಖರ್ಚಿನಿಂದ ಅನೇಕ ರೈತರು ಸಾಲಕ್ಕೆ ಸಿಲುಕಿದರು. ಹಲವರು ರಾಗಿ ಹೊಲಗಳಲ್ಲಿ ನೀಲಗಿರಿ ನೆಟ್ಟು ಬೇಸಾಯದಿಂದಲೇ ದೂರವಾದರು.

## ಮಿತಿಗಳು

ಸಾಂಪ್ರದಾಯಿಕ ಪದ್ಧತಿಗಳ ಬಗ್ಗೆ ಕೆಲವು ಆಕ್ಷೇಪಗಳಿವೆ. ಇವುಗಳಲ್ಲಿ ಹೆಚ್ಚಿನವಕ್ಕೆ ಕೈದುಡಿಮೆ ಅಧಿಕವಾಗಿ ಬೇಕು. ಸೊಪ್ಪು ಹೊರುವುದು, ಗೊಬ್ಬರ ಎತ್ತುವುದು, ಅಕ್ಕಡಿ ಕಾಳುಗಳನ್ನು ಬೇರೆ ಬೇರೆ ಕಾಲದಲ್ಲಿ ಬಿಡಿಸುವುದು ಶ್ರಮದ ಕೆಲಸಗಳು. ಅದರ ಬಹುಭಾಗ ಹೆಂಗಸರ ಮತ್ತು ಕೂಲಿಕಾರರ ಮೇಲೆ ಬೀಳುತ್ತಿತ್ತು. ನೀರುಗಂಟಿಯಂತಹ ಕೆಲಸಗಳು ಜಾತಿಯ ಕಟ್ಟುಪಾಡಿಗೆ ಒಳಪಟ್ಟಿದ್ದವು. ಆ ವ್ಯವಸ್ಥೆಯನ್ನು ಹಾಗೆಯೇ ಮರಳಿ ತರುವುದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ.

ಇಳುವರಿಯ ಪ್ರಶ್ನೆಯೂ ಇದೆ. ಕಗ್ಗದಂತಹ ತಳಿಗಳ ಇಳುವರಿ ಸುಧಾರಿತ ತಳಿಗಳಿಗಿಂತ ಕಡಿಮೆ. ಆದರೆ ಗಜನಿಯಲ್ಲಿ ಸುಧಾರಿತ ತಳಿ ಬೆಳೆಯುವುದೇ ಇಲ್ಲವಾದ್ದರಿಂದ ಅಲ್ಲಿ ಈ ಹೋಲಿಕೆ ಸಲ್ಲದು. ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವು ದೀರ್ಘ ಬಿಡುವು ಇದ್ದಾಗ ನಡೆಯುತ್ತಿತ್ತಾದರೂ ಬಿಡುವಿನ ಅವಧಿ ಕುಗ್ಗಿದಂತೆ ಕಾಡಿಗೂ ಮಣ್ಣಿಗೂ ಹಾನಿಕರವಾಗುತ್ತದೆ. ಒಂದು ಪದ್ಧತಿ ಸುಸ್ಥಿರವೋ ಅಲ್ಲವೋ ಎಂಬುದು ಕಾಲ ಮತ್ತು ಜನಸಂಖ್ಯೆಯೊಡನೆ ಬದಲಾಗುತ್ತದೆ.

## ಸಂಶೋಧನೆ ಮತ್ತು ಸರ್ಕಾರದ ಕ್ರಮಗಳು

ಒಣ ಬೇಸಾಯದ ಸಂಘಟಿತ ಸಂಶೋಧನೆಯು 1930ರ ದಶಕದಲ್ಲಿ ಆರಂಭವಾಯಿತು. ಆಗ ದೇಶದಲ್ಲಿ ಆಯ್ದ ಐದು ಕೇಂದ್ರಗಳಲ್ಲಿ ಬಿಜಾಪುರ, ರಾಯಚೂರು ಮತ್ತು ಬಳ್ಳಾರಿ ಬಳಿಯ ಹಗರಿ ಇಂದಿನ ಕರ್ನಾಟಕಕ್ಕೆ ಸೇರಿವೆ. ಬಳ್ಳಾರಿಯಲ್ಲಿ 1954ರಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ, ಧಾರವಾಡ ಕೃಷಿ ವಿಶ್ವವಿದ್ಯಾನಿಲಯ 1986ರಲ್ಲಿ ಆರಂಭವಾದವು. ಮುಂದೆ ರಾಯಚೂರು ಮತ್ತು ಶಿವಮೊಗ್ಗಗಳಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯಗಳು ಸ್ಥಾಪನೆಗೊಂಡು ಪ್ರಾದೇಶಿಕ ಸಂಶೋಧನೆಗೆ ಅನುಕೂಲವಾಯಿತು. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿಯು ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ರೂಪಿಸಿದರು.

ರಾಜ್ಯ ಸರ್ಕಾರವು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆಯು ಗುಡ್ಡದ ನೆತ್ತಿಯಿಂದ ಹಳ್ಳದವರೆಗಿನ ನೆಲವನ್ನು ಒಂದೇ ಘಟಕವಾಗಿ ಪರಿಗಣಿಸಿ ಮಣ್ಣು ಮತ್ತು ನೀರನ್ನು ಕಾಪಾಡುವ ಗುರಿ ಹೊಂದಿತ್ತು. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯು ಮಳೆಯಾಶ್ರಿತ ರೈತರಿಗೆ ಕೃಷಿ ಹೊಂಡ ನಿರ್ಮಿಸಿಕೊಳ್ಳಲು ಸಹಾಯಧನ ನೀಡಿತು. 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಲಾಯಿತು.

ರೈತರ ನಡುವಿನಿಂದಲೂ ಪ್ರಯತ್ನಗಳು ನಡೆದಿವೆ. ದೊಡ್ಡಬಳ್ಳಾಪುರ ಬಳಿಯ ಎಲ್. ನಾರಾಯಣ ರೆಡ್ಡಿ (ನಿಧನ 2019) ರಾಸಾಯನಿಕಗಳಿಲ್ಲದ ಬೇಸಾಯವನ್ನು ಸ್ವತಃ ಮಾಡಿ ತೋರಿಸಿ, ನಾಡಿನಾದ್ಯಂತ ರೈತರಿಗೆ ತಿಳಿವಳಿಕೆ ನೀಡಿದರು. ಕಾಸರಗೋಡು ಜಿಲ್ಲೆಯವರಾದ ಪತ್ರಕರ್ತ ಶ್ರೀಪಡ್ರೆ ಅವರು ಕಟ್ಟ, ಮದಕ, ಸುರಂಗಗಳ ಕುರಿತು ಕನ್ನಡದಲ್ಲಿ ವಿಪುಲವಾಗಿ ಬರೆದಿದ್ದಾರೆ.

## ಪ್ರಸ್ತುತ ಸ್ಥಿತಿ

ಈ ಪದ್ಧತಿಗಳು ಇಂದು ಒಂದೇ ಪ್ರಮಾಣದಲ್ಲಿ ಉಳಿದಿಲ್ಲ. ಎತ್ತುಗಳ ಬದಲು ಟ್ರ್ಯಾಕ್ಟರ್ ಬಂದುದರಿಂದ ಉಳುಮೆ ಸುಲಭವಾಗಿದೆ. ಆದರೆ ಕೊಟ್ಟಿಗೆ ಗೊಬ್ಬರ ವಿರಳವಾಗಿದೆ. ಸಾವಯವ ಕೃಷಿಯಲ್ಲಿ ಬಳಸುವ ಜೀವಾಮೃತಕ್ಕೂ ಸಗಣಿ, ಗಂಜಲಗಳು ಬೇಕಾದ್ದರಿಂದ ದನವಿಲ್ಲದ ರೈತನು ಅದನ್ನು ಅನುಸರಿಸುವುದು ಕಷ್ಟ. ಯಂತ್ರದ ಕೊಯ್ಲಿಗೆ ಒಂದೇ ಬೆಳೆಯ ಹೊಲ ಅನುಕೂಲವಾದುದರಿಂದ ಅಕ್ಕಡಿ ಸಾಲುಗಳು ಕಡಿಮೆಯಾಗಿವೆ. ಅಕ್ಕಡಿ ನಿಂತ ಮನೆಯಲ್ಲಿ ವರ್ಷದಿಂದ ವರ್ಷಕ್ಕೆ ಕಾಪಾಡಿಕೊಂಡು ಬಂದ ಬೀಜವೂ ನಿಲ್ಲುತ್ತದೆ. ಬಿತ್ತದೆ ಒಂದೆರಡು ವರ್ಷ ಕಳೆದರೆ ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಕೈಬಿಟ್ಟ ತಳಿಯನ್ನು ಮರಳಿ ಪಡೆಯುವುದು ಸುಲಭವಲ್ಲ.

ಹವಾಮಾನ ಬದಲಾವಣೆಯಿಂದ ಮಳೆಯ ಕಾಲ ಮತ್ತು ಪ್ರಮಾಣ ಏರುಪೇರಾಗುತ್ತಿರುವ ಈ ಹೊತ್ತಿನಲ್ಲಿ ಉಪ್ಪನ್ನು ಸಹಿಸುವ ಭತ್ತ, ಬರವನ್ನು ತಾಳುವ ಸಿರಿಧಾನ್ಯ ಹಾಗೂ ತೇವವನ್ನು ಉಳಿಸುವ ಕ್ರಮಗಳಿಗೆ ಮತ್ತೆ ಮಹತ್ವ ಬಂದಿದೆ. ಆದರೆ ತಳಿಯನ್ನೋ ತಂತ್ರವನ್ನೋ ಮಾತ್ರ ಉಳಿಸಿದರೆ ಸಾಲದು. ಕಗ್ಗಕ್ಕೆ ಗಜನಿಯ ಕಟ್ಟೆ, ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ, ಹಿಂಗಾರಿ ಜೋಳಕ್ಕೆ ಎತ್ತು, ರಾಗಿ ಹೊಲಕ್ಕೆ ಕೆರೆ ಆಧಾರವಾಗಿವೆ. ಆ ಆಧಾರಗಳನ್ನು ಇಂದಿನ ಕಾಲಕ್ಕೆ ಹೊಂದುವ ರೀತಿಯಲ್ಲಿ ಉಳಿಸಿಕೊಂಡಾಗ ಮಾತ್ರ ಅವುಗಳ ಮೇಲೆ ನಿಂತ ಬೇಸಾಯವೂ ಉಳಿಯಬಲ್ಲದು.